ಸರದಿಯ ಊಟ ಮತ್ತು ಸಕ್ಕರೆ ಕಾಯಿಲೆ

ಮದ್ರಸದ ಉಸ್ತಾದರಿಗೆ ಮನೆಗಳ ಸರದಿಯಂತೆ ಊಟ ಕೊಡುವುದು ನಮ್ಮ ಕರಾವಳಿಯ ಜಮಾಅತ್‌ಗಳಲ್ಲಿ ಹಿಂದಿನಿಂದ ಬಂದ ಕ್ರಮ. ಇವತ್ತು ಒಂದು ಮನೆ, ನಾಳೆ ಇನ್ನೊಂದು ಮನೆ. ತಮ್ಮ ಸರದಿ ಬಂದ ದಿನ ಉಸ್ತಾದರಿಗೆ ಯಾರಾದರೂ ಗಂಜಿ ಕಳಿಸುತ್ತಾರಾ? ಇಲ್ಲ. ನೈಚೋರು, ಕೋಳಿ ಸಾರು, ಪರೋಟ, ಜೊತೆಗೆ ಏನಾದರೊಂದು ಸಿಹಿ. ಮನೆಯವರಿಗೆ ಅದು ತಿಂಗಳಿಗೊಂದು ದಿನದ ವಿಶೇಷ. ನಮ್ಮ ಮದ್ರಸದ ಮೂವರು ಉಸ್ತಾದರಿಗೆ ಮಾತ್ರ ತಿಂಗಳಿಡೀ ವಿಶೇಷವೇ.

ಇದರ ಲೆಕ್ಕ ನಮಗೆ ಸಿಕ್ಕಿದ್ದು ನಮ್ಮ ಸದರ್ ಉಸ್ತಾದರ ಕಾಲಿನಿಂದ. ಚಪ್ಪಲಿಯೊಳಗೆ ಎದ್ದು ನಿಂತ ಸಣ್ಣ ಮೊಳೆ ಅವರ ಬೆರಳಿಗೆ ಚುಚ್ಚುತ್ತಿದ್ದರೂ ಅವರಿಗೆ ಗೊತ್ತೇ ಆಗಲಿಲ್ಲ. ಗಾಯ ಕಾಣುವಾಗ ಕೀವು ತುಂಬಿತ್ತು. ಎರಡು ತಿಂಗಳಾದರೂ ಒಣಗದೆ ಕೊನೆಗೆ ಬೆರಳನ್ನೇ ತೆಗೆಯಬೇಕಾಯಿತು. "ಶುಗರ್ ಎಷ್ಟು ವರ್ಷದಿಂದ?" ಎಂದು ಡಾಕ್ಟರ್ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಒಮ್ಮೆಯೂ ಪರೀಕ್ಷೆ ಮಾಡಿಸಿದವರಲ್ಲ.

ಹೆದರಿ ಉಳಿದ ನಾವಿಬ್ಬರೂ ಬರೀ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದೆವು. ಒಬ್ಬರಿಗೆ 168, ಇನ್ನೊಬ್ಬರಿಗೆ 112. ಬರೀ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇರಬೇಕು. 100ರಿಂದ 125 ಅಂದರೆ ಕಾಯಿಲೆಯ ಬಾಗಿಲಲ್ಲಿ ನಿಂತ ಹಾಗೆ. 126 ಮತ್ತು ಅದಕ್ಕಿಂತ ಮೇಲೆ ಬಂದರೆ, ಮತ್ತೊಮ್ಮೆ ಪರೀಕ್ಷಿಸಿ ಸಕ್ಕರೆ ಕಾಯಿಲೆ ಎಂದು ಖಚಿತ ಮಾಡುತ್ತಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ಬಾಗಿಲಲ್ಲಿ ನಿಂತವರು ಸುಮಾರು 13.6 ಕೋಟಿ. ಈ ಬಾಗಿಲಿನಿಂದ ಹಿಂದೆ ಬರಲು ಸಾಧ್ಯವಿದೆ ಎಂಬುದೇ ಸಮಾಧಾನ.

ಬೇಡ ಎನ್ನುವುದು ಹೇಗೆ?

ಕಷ್ಟ ಶುರುವಾದದ್ದು ಆಮೇಲೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಮೊದಲ ವಾರ ಅರ್ಧ ತಿಂದು ವಾಪಸ್ ಕಳಿಸಿದೆವು. ಒಂದು ಮನೆಯಿಂದ ಹುಡುಗನೊಬ್ಬ ಬಂದು, "ಉಸ್ತಾದ್, ಅಡುಗೆ ಎಂತ, ಸರಿ ಆಗ್ಲಿಲ್ವಾ ಅಂತ ಉಮ್ಮ ಕೇಳಿದ್ರು" ಎಂದ. ನಾವು ನಾಚಿಕೆ ಬಿಟ್ಟು ವಿಷಯ ಹೇಳಿ ಕಳಿಸಿದೆವು. ಮುಂದಿನ ಸರದಿಯಲ್ಲಿ ಆ ಮನೆಯಿಂದ ಬಂದದ್ದು ಕುಚ್ಚಲಕ್ಕಿ ಗಂಜಿ, ಬಸಳೆ ಸಾರು, ಬಂಗುಡೆ. "ಉಮ್ಮನಿಗೂ ಶುಗರ್ ಉಂಟಂತೆ ಉಸ್ತಾದ್, ನಮಗೆ ಯಾರಿಗೂ ಹೇಳಿರಲಿಲ್ಲ" ಎಂದ ಹುಡುಗ. ಮನೆ ಮಂದಿಗೆ ಬಡಿಸಿ, ಉಳಿದದ್ದನ್ನು ಹಾಳು ಮಾಡಬಾರದೆಂದು ತಾನೇ ತಿಂದು, ಮಾತ್ರೆಯನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟ ಉಮ್ಮ. ಇಂಥ ಉಮ್ಮಂದಿರು ಎಷ್ಟು ಮನೆಗಳಲ್ಲಿ ಇಲ್ಲ?

ಗಂಜಿ ಎಂದ ಕೂಡಲೇ ಎರಡು ಬಟ್ಟಲು ಹಾಕಿಕೊಳ್ಳುವುದೂ ಸರಿಯಲ್ಲ. ಕುಚ್ಚಲಕ್ಕಿಯೂ ಅಕ್ಕಿಯೇ. ಬಟ್ಟಲಿನ ಅರ್ಧ ತರಕಾರಿ, ಕಾಲು ಭಾಗ ಮೀನು, ಮೊಟ್ಟೆ ಅಥವಾ ಬೇಳೆ, ಉಳಿದ ಕಾಲು ಭಾಗ ಅನ್ನ ಅಥವಾ ಪತ್ತಿರ್. ತರಕಾರಿ, ಮೀನು ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಊಟದ ನಂತರ ಸಕ್ಕರೆ ಒಮ್ಮೆಲೇ ಏರುವುದು ಕಡಿಮೆಯಾಗುತ್ತದೆ. ಮದುವೆ ಮನೆಯ ಬಿರಿಯಾನಿಗೂ ಇದೇ ಕ್ರಮ ಸಾಕು.

ಇನ್ನು ಸುಲೈಮಾನಿ. ಬೆಳಗ್ಗಿನ ಕ್ಲಾಸ್ ಮುಗಿದ ಮೇಲೆ ಒಂದು, ಹತ್ತು ಗಂಟೆಗೆ ಒಂದು, ಊಟದ ನಂತರ, ಅಸರ್ ನಂತರ, ಮಗ್ರಿಬ್ ನಂತರ. ಒಂದು ಗ್ಲಾಸಿಗೆ ಎರಡು ಚಮಚ ಎಂದರೂ ದಿನಕ್ಕೆ ಹತ್ತು ಚಮಚ ಸಕ್ಕರೆ. ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗೆ ನಿಲ್ಲಿಸಿದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಆರೋಗ್ಯವಂತರ ಲೆಕ್ಕ. ನಾವು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆವು. ಲಿಂಬೆ, ಏಲಕ್ಕಿ ಹಾಗೇ ಉಳಿಯಿತು. ತಿಂಗಳಲ್ಲಿ ನಾಲಗೆ ಒಗ್ಗಿಕೊಂಡಿತು.

ನಡಿಗೆಗೆ ಬೇರೆ ಮೈದಾನ ಬೇಕಿಲ್ಲ. ಅರ್ಧ ಕಿಲೋಮೀಟರ್ ದೂರದ ಮಸೀದಿಗೂ ಸ್ಕೂಟರ್ ಹತ್ತುವವರು ನಾವು. ಇಶಾಕ್ಕೆ ಮೊದಲೇ ಊಟ ಮುಗಿಸಿ ನಡೆದು ಹೋಗಿ ಬಂದರೆ ಊಟದ ನಂತರದ ನಡಿಗೆಯೂ ಆಯಿತು. ಹತ್ತು ಹದಿನೈದು ನಿಮಿಷ ನಡೆದರೂ ಗುಣವುಂಟು. ಹೆಂಗಸರು ಅಂಗಳದಲ್ಲೋ ಟೆರೇಸಿನಲ್ಲೋ ನಡೆಯಬಹುದು. ಆ ಹೊತ್ತಿಗೆ ಅಡುಗೆಮನೆ ಕೆಲಸಕ್ಕೆ ಮನೆಯ ಗಂಡಸರು ಕೈ ಕೊಡಬೇಕು, ಅಷ್ಟೆ.

ವುಝೂವಿನ ಹೊತ್ತಿಗೆ ಕಾಲು ನೋಡಿ

ಸಕ್ಕರೆ ಹೆಚ್ಚು ಕಾಲ ಏರಿಯೇ ಇದ್ದರೆ ನರಗಳು ಸೊರಗಿ ಪಾದದ ಸ್ಪರ್ಶ ಹೋಗುತ್ತದೆ. ರಕ್ತದ ಓಡಾಟವೂ ಕಡಿಮೆಯಾಗಿ ಗಾಯ ಒಣಗುವುದಿಲ್ಲ. ಸದರ್ ಉಸ್ತಾದರಿಗೆ ಆದದ್ದು ಇದೇ. ದಿನಕ್ಕೆ ಐದು ಬಾರಿ ಕಾಲು ತೊಳೆಯುವ ನಾವು ಒಮ್ಮೆಯಾದರೂ ಪಾದದ ಅಡಿಯನ್ನು ನೋಡಿದ್ದೇವಾ? ಈಗ ಅವರು ಮಕ್ಕಳಿಗೆ ವುಝೂ ಕಲಿಸುವಾಗ ಒಂದು ಮಾತು ಸೇರಿಸುತ್ತಾರೆ: "ಮನೆಗೆ ಹೋಗಿ ಉಪ್ಪನ ಕಾಲಿನ ಅಡಿ ನೋಡಿ, ಗಾಯ, ಗುಳ್ಳೆ ಉಂಟಾ ಹೇಳಿ." ತೊಳೆದ ಮೇಲೆ ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ಮಸೀದಿ ಅಂಗಳದ ಬಿಸಿಲು ಕಾದ ಇಂಟರ್‌ಲಾಕ್ ಮೇಲೆ ಬರಿಗಾಲಲ್ಲಿ ನಡೆಯಬಾರದು. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಿ ನೋಡಬೇಕು.

ರಂಝಾನಿನ ಬಗ್ಗೆಯೂ ಒಂದು ಮಾತು. ಕಾಯಿಲೆ ಇರುವವರು ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಂಡು ಮಾತ್ರೆ, ಇನ್ಸುಲಿನ್‌ನ ಹೊತ್ತು ಬದಲಿಸಿಕೊಳ್ಳಬೇಕು. ತಾವಾಗಿ ಬಿಡುವುದು, ಎರಡು ಹೊತ್ತಿನದನ್ನು ಒಟ್ಟಿಗೆ ನುಂಗುವುದು ಅಪಾಯ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಬೆವರು, ನಡುಕ, ತಲೆ ಮಂಕಾಗುವುದು ಕಂಡರೆ ಕೂಡಲೇ ಪರೀಕ್ಷಿಸಿ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಲೇಬೇಕು. ರೋಗಿಗೆ ಈ ವಿನಾಯಿತಿಯನ್ನು ಕುರ್‌ಆನೇ ಕೊಟ್ಟಿರುವಾಗ, ಜನ ಏನು ಹೇಳುತ್ತಾರೋ ಎಂದು ಜೀವಕ್ಕೆ ಕುತ್ತು ತಂದುಕೊಳ್ಳುವುದು ಯಾಕೆ?

30 ವರ್ಷ ದಾಟಿದವರಿಗೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ಬಿಪಿ ತಪಾಸಣೆ ಉಚಿತ. ಉಪ್ಪ ಹೋಗುವಾಗ ಉಮ್ಮನನ್ನೂ ಕರೆದುಕೊಂಡು ಹೋಗಲಿ. 112 ಇದ್ದ ನಮ್ಮ ಜೊತೆಗಾರ ಉಸ್ತಾದರಿಗೆ ಆರು ತಿಂಗಳ ನಂತರ 98 ಬಂದಿದೆ. ಇನ್ನೊಬ್ಬರು ಮಾತ್ರೆಯಲ್ಲಿದ್ದಾರೆ, ಹತೋಟಿಯಲ್ಲಿದೆ. ಜಮಾಅತ್ ಕಚೇರಿಯ ಗೋಡೆಯಲ್ಲಿರುವ ಸರದಿ ಪಟ್ಟಿಯ ಕೆಳಗೆ ಈಗ ಒಂದು ಸಾಲು ಹೊಸದಾಗಿ ಸೇರಿದೆ: "ಉಸ್ತಾದರಿಗೆ ನಿಮ್ಮ ಮನೆಯ ದಿನನಿತ್ಯದ ಊಟವೇ ಸಾಕು. ಚಹಾಕ್ಕೆ ಸಕ್ಕರೆ ಬೇಡ." ಆ ಸಾಲನ್ನು ಬರೆಸಿದವರು ಸದರ್ ಉಸ್ತಾದರು.