ಟ್ರೈಲರ್ ಎತ್ತೋ ಮುಂಚೆ ಮೇಲೆ ನೋಡಿ, ಕೆಳಗೂ ನೋಡಿ: ಹಲಗೆ ಏರಿಸೋರು, ಜಾಕ್ ರಿಪೇರಿ ಮಾಡ್ಸೋರು ಓದಲೇಬೇಕಾದ ಮಾಹಿತಿ

ಬೇಸಿಗೆ ಶುರುವಾಯ್ತು ಅಂದ್ರೆ ನಮ್ಮ ದಾವಣಗೆರೆ, ಚನ್ನಗಿರಿ ಕಡೆ ರಸ್ತೆ ತುಂಬಾ ಟ್ರ್ಯಾಕ್ಟರ್‌ಗಳದ್ದೇ ಓಡಾಟ. ಕೆರೆ ಒಣಗಿದ ಕೂಡಲೇ ಗೋಡು ತುಂಬ್ಕೊಂಡು ಅಡಿಕೆ ತೋಟಕ್ಕೆ ಹೊಡೀತಾರೆ, ತಿಪ್ಪೆಗೊಬ್ಬರ ಹೊಲಕ್ಕೆ ಸಾಗಿಸ್ತಾರೆ. ಊರೊಳಗೆ ಮನೆ ಕಟ್ಟೋರಿಗೆ ಮರಳು, ಜಲ್ಲಿ ಬೇಕು. ಹಿಂದೆ ನಾಲ್ಕು ಆಳು ಸಲಿಕೆ ಹಿಡಿದು ಅರ್ಧ ಗಂಟೆ ಇಳಿಸ್ತಿದ್ದ ಲೋಡು ಈಗ ಒಂದು ಲಿವರ್ ಎಳೆದ್ರೆ ಎರಡು ನಿಮಿಷದಲ್ಲಿ ಖಾಲಿ. ಹೈಡ್ರಾಲಿಕ್ ಟ್ರೈಲರ್ ಇಲ್ಲದೆ ಈಗ ಕೃಷಿ ಕೆಲಸ ಊಹಿಸೋಕೂ ಕಷ್ಟ.

ಆದ್ರೆ ಈ ಗಾಡಿಯನ್ನ ಕೊಂಡ ಹಾಗೇ ಇಟ್ಕೊಳ್ಳೋರು ಕಮ್ಮಿ. ತಂದ ವರ್ಷದಲ್ಲೇ ವೆಲ್ಡಿಂಗ್ ಅಂಗಡಿಗೆ ಹೋಗುತ್ತೆ. ಹಲಗೆ ಎತ್ತರ ಮಾಡ್ಸೋದು, ಜಾಕ್ ಜಾಗ ಬದಲಾಯ್ಸೋದು, ಹಿಂಬಾಗಿಲಿಗೆ ಬೇರೆ ಕೊಂಡಿ ಹಾಕ್ಸೋದು. ಇದರಲ್ಲಿ ಕೆಲವು ಒಳ್ಳೇ ಕೆಲಸ, ಕೆಲವು ಜೀವ ತೆಗೆಯೋ ಕೆಲಸ. ಯಾವುದು ಯಾವುದು ಅಂತ ಇಲ್ಲಿ ನೋಡೋಣ.

ಒಂದಡಿ ಹಲಗೆ ಅಂದ್ರೆ ಮೂರು ಟನ್

ಎಲ್ಲಕ್ಕಿಂತ ಹೆಚ್ಚು ನಡೆಯೋದು ಹಲಗೆ ಏರಿಸೋದು. ಲೆಕ್ಕ ಹಾಕಿ ನೋಡಿ. ಬಾಡಿ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ ಇದೆ ಅಂದ್ಕೊಳ್ಳಿ. ಒಟ್ಟು 120 ಘನ ಅಡಿ. ಮೆಕ್ಕೆಜೋಳದ ಕಾಳು ತುಂಬಿದ್ರೆ ಒಂದು ಘನ ಅಡಿಗೆ ಸುಮಾರು 20 ಕೆಜಿ ಬರುತ್ತೆ, ಅಂದ್ರೆ 24 ಕ್ವಿಂಟಲ್. ಅದೇ ಬಾಡಿಗೆ ಹಸಿ ಗೋಡು ತುಂಬಿದ್ರೆ ಒಂದು ಘನ ಅಡಿಗೆ 50 ಕೆಜಿ ಹತ್ರ ಬರುತ್ತೆ. ಆಗ 60 ಕ್ವಿಂಟಲ್, ಅಂದ್ರೆ 6 ಟನ್. ಕಣ್ಣಿಗೆ ಎರಡೂ ಒಂದೇ ಲೋಡು, ತೂಕದಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ.

ಈಗ ಮೇಲೆ ಒಂದಡಿ ಹಲಗೆ ಹಾಕಿಸಿದ್ರಿ. ಮೆಕ್ಕೆಜೋಳಕ್ಕೆ ಹೆಚ್ಚಾಗಿದ್ದು 12 ಕ್ವಿಂಟಲ್. ಹಸಿ ಗೋಡಿಗೆ ಹೆಚ್ಚಾಗಿದ್ದು 3 ಟನ್! ಒಟ್ಟು 9 ಟನ್. ಆಕ್ಸಲ್, ಟೈರು, ಜಾಕು, ಕೊಕ್ಕೆ ಎಲ್ಲಾ ಹಳೇವೇ. ಹಲಗೆ ಮಾತ್ರ ಹೊಸದು.

ಮೆಕ್ಕೆಜೋಳದ ತೆನೆ, ಮೇವು, ಹೊಟ್ಟು ಸಾಗಿಸೋಕೆ ಎತ್ತರ ಬೇಕೇ ಬೇಕು, ಅದನ್ನ ತಪ್ಪು ಅನ್ನೋಕಾಗಲ್ಲ. ಅದಕ್ಕೊಂದು ಸರಳ ದಾರಿ ಇದೆ. ಏರಿಸೋ ಭಾಗವನ್ನ ತಗಡಿನಲ್ಲಿ ಮಾಡ್ಸಬೇಡಿ, ಜಾಲರಿಯಲ್ಲಿ ಮಾಡ್ಸಿ, ಬೋಲ್ಟ್ ಬಿಚ್ಚಿ ತೆಗೆಯೋ ಹಾಗಿರಲಿ. ಜಾಲರಿಯಲ್ಲಿ ತೆನೆ ನಿಲ್ಲುತ್ತೆ, ಮೇವು ನಿಲ್ಲುತ್ತೆ. ಮಣ್ಣು, ಮರಳು ನಿಲ್ಲಲ್ಲ, ಸೋರಿಹೋಗುತ್ತೆ. ಡ್ರೈವರ್ ಆಸೆಪಟ್ಟು ತುಂಬಿದ್ರೂ ಗಾಡೀನೇ ಬೇಡ ಅನ್ನುತ್ತೆ. ನನ್ನ ಪ್ರಕಾರ ನೂರು ಸಲ ಬುದ್ಧಿ ಹೇಳೋದಕ್ಕಿಂತ ಈ ಜಾಲರಿ ವಾಸಿ.

ಜಾಕ್ ಮೇಲಿನ ಪ್ರಯೋಗ

ಟ್ರೈಲರ್ ಜಾಕ್ ಹೆಚ್ಚಾಗಿ ಒಂದೇ ದಿಕ್ಕಿಗೆ ಕೆಲಸ ಮಾಡೋದು. ಟ್ರ್ಯಾಕ್ಟರ್ ಪಂಪು ಎಣ್ಣೆ ತಳ್ಳಿದಾಗ ಬಾಡಿ ಏಳುತ್ತೆ. ಇಳಿಯುವಾಗ ಪಂಪಿನ ಕೆಲಸ ಇಲ್ಲ, ಬಾಡಿ ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ, ಯಾಕಂದ್ರೆ ಮುಂದೆ ಹೇಳೋ ಅಪಾಯಕ್ಕೆಲ್ಲಾ ಇದೇ ಮೂಲ. ಎಂಜಿನ್ ಆಫ್ ಆಗಿದ್ರೂ ಯಾರಾದ್ರೂ ಲಿವರ್ ಮುಟ್ಟಿದ್ರೆ ಬಾಡಿ ಬೀಳುತ್ತೆ.

ಎರೆಮಣ್ಣು ಅಂಟ್ಕೊಂಡು ಜಾರಲ್ಲ ಅಂತ ಇನ್ನೂ ಜಾಸ್ತಿ ಎತ್ತೋ ಹಾಗೆ ಮಾಡಿಕೊಡಿ ಅಂತ ಕೇಳೋರಿದ್ದಾರೆ. ಆಗ ಜಾಕನ್ನ ಹಿಂಬದಿಯ ಕೀಲಿನ ಕಡೆ ಸ್ವಲ್ಪ ಸರಿಸಿ ವೆಲ್ಡ್ ಮಾಡ್ತಾರೆ. ಬಾಡಿ ಹೆಚ್ಚು ಏಳುತ್ತೆ ನಿಜ. ಆದ್ರೆ ಕೀಲಿಗೆ ಹತ್ರ ಹೋದಷ್ಟೂ ಅದೇ ಭಾರ ಎತ್ತೋಕೆ ಜಾಕ್ ಹೆಚ್ಚು ಬಲ ಹಾಕಬೇಕು. ಬಾಗಿಲನ್ನ ಹಿಡಿ ಹತ್ರ ತಳ್ಳಿ ನೋಡಿ, ಆಮೇಲೆ ಕೀಲಿನ ಹತ್ರ ತಳ್ಳಿ ನೋಡಿ, ಗೊತ್ತಾಗುತ್ತೆ. ಈಗ ಎತ್ತೋಕಾಗ್ತಿಲ್ಲ ಅಂತ ಒತ್ತಡ ತಡೆಯೋ ರಿಲೀಫ್ ವಾಲ್ವನ್ನ ಬಿಗಿ ಮಾಡ್ಸ್ತಾರೆ. ಅಲ್ಲಿಗೆ ಕಥೆ ಕೆಟ್ಟಿತು. ಆ ವಾಲ್ವ್ ಇರೋದೇ ಪಂಪು, ಪೈಪು, ಜಾಕು ಸಿಡೀದೇ ಇರಲಿ ಅಂತ. ಅದನ್ನ ಮುಟ್ಟೋದು ಬೇಡವೇ ಬೇಡ.

ಅಂಟೋ ಮಣ್ಣಿಗೆ ಬೇರೆ ಉಪಾಯ ಇದೆ. ತುಂಬೋ ಮುಂಚೆ ತಳಕ್ಕೆ, ಅದರಲ್ಲೂ ಮುಂದಿನ ಮೂಲೆಗಳಿಗೆ ಒಣ ಮಣ್ಣೋ ಹೊಟ್ಟೋ ಹರಡಿ. ಇಲ್ಲಾ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮುಂದಿನ ತುದೀನ ಬಾಡಿಗೆ ಕಟ್ಟಿ. ಒಂದಿಷ್ಟು ಜನ ಸುಟ್ಟ ಎಂಜಿನ್ ಆಯಿಲ್ ಬಳೀತಾರೆ. ಅದು ಸೀದಾ ತೋಟದ ಮಣ್ಣಿಗೆ ಹೋಗುತ್ತೆ, ಬೇಡ.

ಇನ್ನು ಪೈಪು. ಟ್ರ್ಯಾಕ್ಟರ್ ಹೈಡ್ರಾಲಿಕ್ಕಿನ ಒತ್ತಡ 150 ಬಾರ್ ದಾಟುತ್ತೆ. ಕಾರಿನ ಟೈರಿಗೆ ಎರಡು ಬಾರ್ ಚಿಲ್ಲರೆ ಇರುತ್ತೆ, ಹೋಲಿಸಿ ನೋಡಿ. ಒಡೆದ ಪೈಪಿಗೆ ಕ್ಲಾಂಪ್ ಬಿಗಿದು ಓಡಿಸೋದು ಯಾವ ಕಾರಣಕ್ಕೂ ಬೇಡ. ಅದೇ ರೇಟಿಂಗಿನ, ಮೆಷಿನ್ನಲ್ಲಿ ಕ್ರಿಂಪ್ ಮಾಡಿದ ಹೊಸ ಪೈಪೇ ಹಾಕಿಸಿ. ಸಣ್ಣ ತೂತಿಂದ ಎಣ್ಣೆ ಚಿಮ್ತಿದ್ರೆ ಬೆರಳಿಟ್ಟು ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಸೂಜಿ ಮೊನೆಯಷ್ಟು ಚಿಮ್ಮೋ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ನೋಡೋಕೆ ಸೊಳ್ಳೆ ಕಚ್ಚಿದ ಹಾಗೆ, ನೋವೂ ಮೊದಮೊದಲು ಅಷ್ಟಿರಲ್ಲ. ಆದ್ರೂ ಅವತ್ತೇ, ಆಗಲೇ ದೊಡ್ಡಾಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಅಂತಾನೇ ಹೇಳಿ. ತಡ ಮಾಡಿದ್ರೆ ಬೆರಳೋ ಕೈಯೋ ಹೋಗುತ್ತೆ.

ಬಾಡಿ ಎತ್ತಿ ಕೆಳಗೆ ಹೋಗ್ತೀರಾ?

ಹೋಗ್ತೀವಿ, ಎಲ್ಲರೂ ಹೋಗ್ತಾರೆ. ಗ್ರೀಸ್ ಹಚ್ಚೋಕೆ, ಅಂಟಿದ ಮಣ್ಣು ಕೆರೆಯೋಕೆ, ಪೈಪು ಯಾಕೆ ಸೋರ್ತಿದೆ ನೋಡೋಕೆ. ಖಾಲಿ ಬಾಡೀನೇ ಹಲವು ಕ್ವಿಂಟಲ್ ತೂಗುತ್ತೆ. ಪೈಪ್ ಒಡೆದ್ರೆ ಅದು ಬೀಳೋಕೆ ಕಣ್ಣು ಮಿಟುಕಿಸೋಷ್ಟು ಹೊತ್ತು ಸಾಕು, ಹೊರಗೆ ಓಡೋಕೆ ಟೈಮ್ ಸಿಗಲ್ಲ.

ಅದಕ್ಕೇ ಟ್ರೈಲರ್‌ಗೆ ಏನಾದ್ರೂ ಒಂದೇ ಒಂದು ಬದಲಾವಣೆ ಮಾಡ್ಸೋದಿದ್ರೆ ಊರೆಗೋಲು ಹಾಕಿಸಿ. ಸೈಜುಗಲ್ಲು, ಸೌದೆ ತುಂಡು, ಜಾಕಿ ಇಟ್ಟು ಒಳಗೆ ಹೋಗೋದು ಊರೆಗೋಲಲ್ಲ, ಅವು ಜಾರ್ತವೆ. ದಪ್ಪ ಕಬ್ಬಿಣದ ಕೋಲನ್ನ ಚಾಸಿಗೆ ಕೀಲು ಹಾಕಿ ಕೂರಿಸಬೇಕು. ಬಾಡಿ ತಳದ ಅಡ್ಡಪಟ್ಟಿಗೆ ಅದರ ತಲೆ ಕೂರೋಕೆ ಗೂಡು ವೆಲ್ಡ್ ಮಾಡ್ಬೇಕು. ಕೂತ ಮೇಲೆ ಸರೀದೇ ಇರೋಕೆ ಪಿನ್ನು ಬೇಕು. ಕೋಲು ಗಾಡಿಯಲ್ಲೇ ಮಡಚಿಕೊಂಡಿರಬೇಕು, ಮನೇಲಿದ್ರೆ ಪ್ರಯೋಜನ ಇಲ್ಲ. ಬಾಡಿ ಖಾಲಿ ಮಾಡಿ, ಎತ್ತಿ, ಕೋಲು ನಿಲ್ಲಿಸಿ, ನಿಧಾನವಾಗಿ ಇಳಿಸಿ ಭಾರ ಕೋಲಿನ ಮೇಲೆ ಕೂರಿಸಿ. ಎಂಜಿನ್ ಆಫ್ ಮಾಡಿ, ಕೀ ಜೇಬಲ್ಲಿ ಇಟ್ಕೊಳ್ಳಿ, ಟ್ರ್ಯಾಕ್ಟರ್ ಸೀಟಿನ ಹತ್ರ ಹುಡುಗರನ್ನ ಬಿಡ್ಬೇಡಿ. ಲೋಡ್ ಇರೋ ಬಾಡಿ ಕೆಳಗೆ ಮಾತ್ರ ಕೋಲಿದ್ರೂ ಹೋಗಬಾರದು.

ಒಂದು ವಿಚಾರ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಸಲ ಬಾಡಿ ಏಳುತ್ತೆ, ಇಳಿಯಲ್ಲ. ಪೈಪಿನ ಕಪ್ಲಿಂಗ್ ಪೂರ್ತಿ ಕೂತಿರಲ್ಲ, ಎಣ್ಣೆ ವಾಪಸ್ ಬರೋ ದಾರಿ ಮುಚ್ಕೊಂಡಿರುತ್ತೆ. ಆಗ ಸ್ಪ್ಯಾನರ್ ಹಾಕಿ ಪೈಪಿನ ನಟ್ ಸಡಿಲ ಮಾಡೋದು ಎಲ್ಲಕ್ಕಿಂತ ಕೆಟ್ಟ ಐಡಿಯಾ. ಒತ್ತಡದ ಎಣ್ಣೆ ಮುಖಕ್ಕೆ ಹೊಡೆಯುತ್ತೆ, ಬಾಡಿ ಮೇಲೆ ಬೀಳುತ್ತೆ. ಮೊದಲು ಎಲ್ಲರನ್ನೂ ದೂರ ಕಳ್ಸಿ, ಬಾಡಿ ಕೆಳಗೆ ಕೈ ತಲೆ ಹಾಕದೆ ಪಕ್ಕದಿಂದಲೇ ಕೋಲು ನಿಲ್ಲಿಸೋಕಾದ್ರೆ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ. ಹಾಕೋವಾಗಲೇ ಕಪ್ಲಿಂಗ್ ಒರೆಸಿ, ಟಕ್ ಅನ್ನೋವರೆಗೂ ಒತ್ತಿದ್ರೆ ಈ ತಾಪತ್ರಯವೇ ಕಮ್ಮಿ.

ಟ್ರ್ಯಾಕ್ಟರ್ ಎಣ್ಣೆ ಮಟ್ಟ ನೋಡೋದಾದ್ರೆ ಬಾಡಿ ಇಳಿಸೇ ನೋಡಿ. ಎತ್ತಿದಾಗ ಒಂದಿಷ್ಟು ಎಣ್ಣೆ ಜಾಕಲ್ಲಿರುತ್ತೆ, ಆಗ ಕಮ್ಮಿ ಇದೆ ಅಂತ ಸುರಿದ್ರೆ ಇಳಿಸಿದ ಮೇಲೆ ಉಕ್ಕುತ್ತೆ.

ಎತ್ತೋ ಜಾಗ

ನೆಲ ಸಮ ಇರಬೇಕು ಅಂತ ಎಲ್ಲರಿಗೂ ಗೊತ್ತು, ಎಷ್ಟು ಸಮ ಅನ್ನೋದೇ ಪ್ರಶ್ನೆ. ಎರಡು ಗಾಲಿ ನಡುವೆ 5 ಅಡಿ ಇದೆ ಅಂತ ಇಟ್ಕೊಳ್ಳಿ. ಒಂದು ಗಾಲಿ ಬರೀ 2 ಇಂಚು ತಗ್ಗಿಗಿದ್ರೆ 12 ಅಡಿ ಮೇಲಿರೋ ಬಾಡಿ ಅಂಚು ಸುಮಾರು 5 ಇಂಚು ಪಕ್ಕಕ್ಕೆ ವಾಲುತ್ತೆ. ಒಂದು ಟೈರಲ್ಲಿ ಗಾಳಿ ಕಮ್ಮಿ ಇದ್ರೂ ಇದೇ ಪಾಡು. ಅದರ ಮೇಲೆ ಮಣ್ಣು ಒಂದೇ ಮೂಲೆಗೆ ಅಂಟ್ಕೊಂಡು ನಿಂತ್ರೆ ಟ್ರೈಲರ್ ಪಲ್ಟಿ. ಹೊಸದಾಗಿ ಮಣ್ಣು ತುಂಬಿದ ಜಾಗ, ಬದುವಿನ ಅಂಚು, ಗುಂಡಿ ಪಕ್ಕ ಎತ್ತಲೇಬೇಡಿ. ಟ್ರ್ಯಾಕ್ಟರು, ಟ್ರೈಲರು ಒಂದೇ ಗೆರೆಯಲ್ಲಿ ನೇರ ನಿಂತಿರಬೇಕು. ಹಿಂಬಾಗಿಲು ಬಿಚ್ಚಿದ ಮೇಲೇ ಎತ್ತಬೇಕು. ಬಿಚ್ಚೋರು ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಂತೇ ಬಿಚ್ಚೋ ಹಾಗೆ ಉದ್ದ ಹಿಡಿ ಹಾಕ್ಸೋದು ಇನ್ನೊಂದು ಒಳ್ಳೇ ಬದಲಾವಣೆ.

ಎರಡು ಗಾಲಿ ಟ್ರೈಲರ್‌ಗೆ ಇನ್ನೊಂದು ಗುಣ ಇದೆ. ಬಾಡಿ ಎದ್ದಾಗ ಭಾರ ಆಕ್ಸಲ್ ಹಿಂದಕ್ಕೆ ಹೋಗುತ್ತೆ. ಎತ್ತಿನ ಗಾಡಿಗೆ ಹಿಂದೆ ಭಾರ ಜಾಸ್ತಿ ಆದ್ರೆ ಮುಂದುಗಡೆ ಮೇಲೆದ್ದು ಎತ್ತಿನ ಕೊರಳ ಕಣ್ಣಿ ಬಿಗೀತಿತ್ತಲ್ಲ, ಇಲ್ಲೂ ಹಾಗೇ. ಡ್ರಾಬಾರ್ ಮೇಲಕ್ಕೆ ಎಳೀತದೆ, ಟ್ರ್ಯಾಕ್ಟರ್ ಹಿಂದಿನ ಗಾಲಿ ಹಿಡಿತ ಬಿಡ್ತದೆ. ಕೊಕ್ಕೆಗೆ ಸರಿಯಾದ ಪಿನ್ನು, ಅದಕ್ಕೆ ಲಾಕ್ ಇಲ್ಲ ಅಂದ್ರೆ ಕಳಚಿಕೊಳ್ಳುತ್ತೆ. ಕಟ್ಟಡದ ಕಬ್ಬಿಣದ ಸರಳು ತುಂಡು ಮಾಡಿ ಪಿನ್ನಿನ ಬದಲು ಹಾಕೋರು ಇದನ್ನ ಗಮನಿಸಿ. ಅಂಟಿದ ಲೋಡು ಬೀಳಲಿ ಅಂತ ಎತ್ತಿದ ಬಾಡಿ ಜೊತೆ ಮುಂದೆ ಹಿಂದೆ ಜರ್ಕ್ ಹೊಡಿಯೋದು ಬೇಡ. ಇಳಿಸಿ, ಹಿಂದಿನ ಭಾಗದ ಮಣ್ಣು ಸಲಿಕೆಯಲ್ಲಿ ಎಳೆದು, ಮತ್ತೆ ಎತ್ತಿ.

ಅಂಗಡಿಯವರಿಗೆ, ಮನೆ ಕಟ್ಟೋರಿಗೂ ಒಂದು ಮಾತು. ಲೋಡ್ ತಂದವರಿಗೆ ಇಲ್ಲೇ ಹಾಕಪ್ಪಾ ಅಂತ ಚರಂಡಿ ಸ್ಲ್ಯಾಬ್ ಮೇಲೆ ಹಿಂದಕ್ಕೆ ತರಿಸ್ತೀರಿ. ಎತ್ತುವಾಗ ಭಾರವೆಲ್ಲಾ ಹಿಂದಿನ ಗಾಲಿ ಮೇಲೆ ಬರೋದು. ಸ್ಲ್ಯಾಬ್ ಒಡೆದ್ರೆ ಟ್ರೈಲರ್ ಬೀಳೋದು ನಿಮ್ಮ ಗೋಡೆ ಕಡೆಗೇ. ಹತ್ತಡಿ ಈಚೆ ಹಾಕ್ಸಿ, ಮಂಕರಿಯಲ್ಲಿ ಹೊತ್ಕೊಳ್ಳಿ.

ಮತ್ತೆ ತಲೆ ಎತ್ತಿ ನೋಡಿ. 10 ಅಡಿ ಬಾಡಿ 45 ಡಿಗ್ರಿ ಎದ್ರೆ ಮುಂದಿನ ಅಂಚು ನೆಲದಿಂದ 12 ಅಡಿ ಆಸುಪಾಸು ಹೋಗುತ್ತೆ. ಹಲಗೆ ಏರಿಸಿದ್ರೆ ಇನ್ನೂ ಮೇಲೆ. ಹೊಲದಲ್ಲಿ ಕಂಬ ವಾಲಿ ಜೋತುಬಿದ್ದ ಲೈನು ನಮ್ಮಲ್ಲಿ ಅಪರೂಪ ಅಲ್ಲ. ತಗುಲಿದ್ರೆ ಡ್ರೈವರ್ ಸೀಟಲ್ಲೇ ಇರಬೇಕು, ಯಾರೂ ಹತ್ರ ಬರಬಾರದು, 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡ್ಸಬೇಕು. ಬೆಂಕಿ ಹತ್ಕೊಂಡ್ರೆ ಮಾತ್ರ ಇಳೀಬೇಕು. ಗಾಡಿ, ನೆಲ ಎರಡನ್ನೂ ಒಟ್ಟಿಗೆ ಮುಟ್ಟದ ಹಾಗೆ ಎರಡೂ ಕಾಲು ಜೋಡಿಸಿ ಹಾರಿ, ಕಾಲು ಅಗಲಿಸದೆ ಕುಪ್ಪಳಿಸ್ಕೊಂಡೇ ದೂರ ಹೋಗ್ಬೇಕು.

ರಸ್ತೆಯಲ್ಲಿ

ನಮ್ಮ ಕಡೆಯ ಬಹುತೇಕ ಟ್ರೈಲರ್‌ಗಳಿಗೆ ಬ್ರೇಕ್ ಇಲ್ಲ. ಇಳಿಜಾರಲ್ಲಿ ಟ್ರೈಲರ್ರೇ ಟ್ರ್ಯಾಕ್ಟರನ್ನ ತಳ್ಳುತ್ತೆ. ಇಳಿಯೋ ಮುಂಚೆನೇ ಸಣ್ಣ ಗೇರಿಗೆ ಹಾಕಿ, ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡ್ಬೇಡಿ. ಹೊಲದಲ್ಲಿ ತಿರುಗೋಕೆ ಬಿಡಿಸಿದ್ದ ಎರಡು ಬ್ರೇಕ್ ಪೆಡಲ್‌ಗಳನ್ನ ರಸ್ತೆಗೆ ಬರೋ ಮುಂಚೆ ಕೊಂಡಿ ಹಾಕಿ ಸೇರಿಸಿ. ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ, ಗೋಡು ಮೆತ್ತಿದ್ರೆ ಒರೆಸಿ. ಬಾಡಿ ಪೂರ್ತಿ ಇಳಿದಿದ್ಯಾ ನೋಡದೆ ಹೊರಡಬೇಡಿ.

ವೆಲ್ಡಿಂಗ್ ಅಂಗಡಿಗೆ ಹೋಗುವಾಗ ಟ್ರ್ಯಾಕ್ಟರ್‌ನಿಂದ ಟ್ರೈಲರ್ ಬಿಡಿಸಿ, ಆಗದಿದ್ರೆ ಬ್ಯಾಟರಿ ವೈರ್ ಆದ್ರೂ ತೆಗೀಲಿ. ಗಾಲಿ ಡಿಸ್ಕಿಗೆ ಟೈರ್ ಇರೋವಾಗಲೇ ವೆಲ್ಡ್ ಮಾಡಿದ್ರೆ ಟೈರ್ ಸ್ಫೋಟ ಆಗುತ್ತೆ, ಗಾಳಿ ತೆಗೆದಿದ್ರೂ ಬೇಡ, ಟೈರ್ ಪೂರ್ತಿ ಬಿಚ್ಚಲಿ. ಆಕ್ಸಲ್ಲಿಗೆ, ಜಾಕಿನ ಮೈಗೆ ವೆಲ್ಡ್ ಬೇಡ.

ಕಾನೂನಿನ ಮಾತು ಕೊನೆಗೆ ಇಟ್ಟಿದ್ದೀನಿ. ಟ್ರೈಲರ್‌ಗೂ ಅದರದ್ದೇ ನೋಂದಣಿ ನಂಬರ್, ಆರ್‌ಸಿ ಇರುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಊರೆಗೋಲು, ರಿಫ್ಲೆಕ್ಟರ್, ಬಾಗಿಲಿನ ಹಿಡಿಗೆ ಗಾಡಿಯ ಅಳತೆ ಬದಲಾಗಲ್ಲ. ಕಾಯಂ ಹಲಗೆ ಏರಿಸಿದ್ರೆ, ಉದ್ದ ಮಾಡಿದ್ರೆ ಬದಲಾಗುತ್ತೆ, ಅದಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಓವರ್‌ಲೋಡ್‌ಗೆ 194ನೇ ಕಲಂ: 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ, ಹೆಚ್ಚುವರಿ ಲೋಡ್ ಇಳಿಸೋ ಖರ್ಚೂ ಗಾಡಿಯವರದ್ದೇ. ಇನ್ಶೂರೆನ್ಸ್ ಪಾಲಿಸಿ ತೆಗೆದು ಟ್ರೈಲರ್ ನಂಬರ್ ಅದರಲ್ಲಿ ಇದ್ಯಾ ನೋಡಿ. ಟ್ರ್ಯಾಕ್ಟರ್ ನಂಬರ್ ಮಾತ್ರ ಇದ್ರೆ ನವೀಕರಣಕ್ಕೆ ಕಾಯಬೇಡಿ, ಈಗಲೇ ಏಜೆಂಟರನ್ನ ಕೇಳಿ ಸೇರಿಸಿ.