ನಡೆದು ಹೈರಾಣಾದವರ ಮಾತು

ದೂರ ನಡೆದು ಸುಸ್ತಾದವರನ್ನು ಕುರಿತು ಉತ್ತರ ಕರ್ನಾಟಕದ ಶಹಾಪುರ, ಸುರಪುರ, ಭೀಮರಾಯನಗುಡಿಯ ಕಡೆ ಹೆಚ್ಚಾಗಿ ಕೇಳಿಬರುವ ಶಬ್ದ ‘ಹೈರಾಣ’. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆಗೆ ಹೋಗಿ ಬಂದವರಾಗಲಿ, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರಾಗಲಿ ‘ನಡದು ನಡದು ಹೈರಾಣಾಗೀನ್ರಿ’ ಎಂದರೆ ಕೇಳಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ಈ ಶಬ್ದದ ಬೇರು ಅರಬ್ಬಿಯಲ್ಲಿದೆ. ಅಲ್ಲಿ ‘ಹೈರಾನ್’ ಎಂದರೆ ದಿಕ್ಕು ತೋಚದವನು, ಗಲಿಬಿಲಿಗೊಂಡವನು. ಪಾರಸಿ ಮತ್ತು ಉರ್ದುವಿನಲ್ಲಿ ಅದು ಬೆರಗಾದವನು ಎಂಬ ಅರ್ಥಕ್ಕೆ ವಾಲಿತು. ದಣಿವಿನ ಸುಳಿವು ಅಲ್ಲಿ ಕಡಿಮೆ. ದಖ್ಖಣಕ್ಕೆ ಬಂದ ಮೇಲೆ ಅರ್ಥ ತಿರುಗಿತು. ಮರಾಠಿಯಲ್ಲೂ ಉತ್ತರ ಕರ್ನಾಟಕದ ಕನ್ನಡದಲ್ಲೂ ‘ಹೈರಾಣ’ ಎಂದರೆ ಬಳಲಿ ಬೆಂಡಾದವನು. ಕೊನೆಯ ಣಕಾರ ಅರಬ್ಬಿಯಲ್ಲೂ ಪಾರಸಿಯಲ್ಲೂ ಇಲ್ಲ, ಅದು ಈ ನೆಲದ್ದೇ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಂದಿನಿಂದ 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯುವವರೆಗೆ ಈ ಭಾಗದ ಕಚೇರಿಗಳಲ್ಲಿ ಹೆಚ್ಚಾಗಿ ಪಾರಸಿ, ಆಮೇಲೆ ಉರ್ದು ನಡೆಯುತ್ತಿದ್ದವು. ಕಚೇರಿಗೆ ಅಲೆದವರ ಬಾಯಲ್ಲಿ ದಿಕ್ಕು ತಪ್ಪುವುದಕ್ಕೂ ದಣಿಯುವುದಕ್ಕೂ ಒಂದೇ ಶಬ್ದ ಸಾಕಾದದ್ದು ಸಹಜವೇ. ಇಂದಿಗೂ ಸರ್ಕಾರಿ ಕಾಗದಕ್ಕಾಗಿ ತಿರುಗಿದವರು ‘ಹೈರಾಣ ಮಾಡಿದ್ರು’ ಎನ್ನುತ್ತಾರೆ.

ಅಚ್ಚಗನ್ನಡದ ಮಾತುಗಳೇನೂ ಹಿಂದೆ ಬಿದ್ದಿಲ್ಲ. ‘ಬಳಲು’ ಹಳಗನ್ನಡದಲ್ಲಿ ‘ಬೞಲ್’. ಅದಕ್ಕೆ ದಣಿಯುವುದರ ಜೊತೆಗೆ ಸಡಿಲವಾಗಿ ಜೋಲುವುದು ಎಂಬ ಅರ್ಥವೂ ಇತ್ತು. ಸಡಿಲಗೊಂಡ ತುರುಬು ‘ಬೞಲ್ಮುಡಿ’. ಕಾಲುಗಳ ಬಿಗಿ ತಪ್ಪಿದ ನಡಿಗೆಯನ್ನು ಇಷ್ಟು ಚೆನ್ನಾಗಿ ಹಿಡಿದ ಶಬ್ದ ಅಪರೂಪ. ‘ದಣಿ’ಯ ಕಥೆ ಬೇರೆ: ‘ಮನದಣಿಯೆ’, ‘ಕಣ್ದಣಿಯೆ’ ಎನ್ನುವಾಗ ಅದು ತೃಪ್ತಿಯ ಶಬ್ದ, ನಡೆದು ಬಂದವರ ವಿಷಯದಲ್ಲಿ ಅದೇ ಆಯಾಸ. ‘ಕಾಲು ಸೋತವು’, ‘ಕಾಲು ಎಳಕೋತ ಬಂದ’ ಎಂಬವು ದಿನಬಳಕೆಯ ನುಡಿಗಳು.

ಇಂಗ್ಲಿಷಿನಲ್ಲಿ ಇಂಥ ನಡಿಗೆಗೆ ‘ಟ್ರಡ್ಜ್’ ಎಂಬ ಶಬ್ದವಿದೆ: ಭಾರವಾದ ಕಾಲನ್ನು ಕಿತ್ತಿಡುತ್ತ, ಒಲ್ಲದ ಮನಸ್ಸಿನಿಂದ, ಆದರೂ ನಿಲ್ಲದೆ ಸಾಗುವುದು. ಹದಿನಾರನೆಯ ಶತಮಾನದ ಮಧ್ಯಭಾಗದಿಂದ ಅದು ಬರಹದಲ್ಲಿ ಸಿಗುತ್ತದೆ. ಮೂಲವನ್ನು ಮಾತ್ರ ನಿಘಂಟುಕಾರರಿಗೆ ನಿರ್ಧರಿಸಲಾಗಿಲ್ಲ. ಅದೇ ಶತಮಾನದ, ಹೆಚ್ಚುಕಡಿಮೆ ಅದೇ ಅರ್ಥದ ‘ಪ್ಲಾಡ್’ ಬಹುಶಃ ಹೆಜ್ಜೆಯ ಸಪ್ಪಳದಿಂದಲೇ ಹುಟ್ಟಿದ್ದು.

ಈ ಎರಡರ ಅರ್ಥವೂ ಭೀಮರಾಯನಗುಡಿಯ ಸುತ್ತಲಿನ ಹೊಲಗಳಲ್ಲಿ ಮಳೆಗಾಲದಲ್ಲಿ ಕಣ್ಣಿಗೆ ಕಾಣುತ್ತದೆ. ಊರಿನಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರಾಧಿಕಾರದ ಕಚೇರಿಯಿದೆ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯ ನೀರು ಈ ಸೀಮೆಯ ಎರೆ ಭೂಮಿಗೆ ಹರಿಯುತ್ತದೆ. ಎರೆಮಣ್ಣಿನಲ್ಲಿ ಜಿಗುಟು ಜೇಡಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಸಿಯಿದ್ದಾಗ ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಇನ್ನಷ್ಟು ಮಣ್ಣು ಮೆತ್ತಿ ಕಾಲು ಭಾರವಾಗುತ್ತದೆ, ಹೆಚ್ಚಿನವರು ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯುತ್ತಾರೆ. ಈ ಕೆಸರಿಗೆ ಇಲ್ಲಿನ ಹೆಸರು ‘ರಾಡಿ’. ಅದರಲ್ಲಿ ಕಾಲಿಟ್ಟಾಗ ಏಳುವ ‘ಪಚಕ್ ಪಚಕ್’ ಕೂಡ ‘ಪ್ಲಾಡ್’ನಂತೆ ಅನುಕರಣ ಶಬ್ದವೇ.

ದೂರದ ನಡಿಗೆಗೆ ಇಂಗ್ಲಿಷಿನಲ್ಲಿರುವ ಇನ್ನೊಂದು ಶಬ್ದ ‘ಟ್ರೆಕ್’ ಡಚ್ ಭಾಷೆಯ ‘ಎಳೆ’ ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ದಕ್ಷಿಣ ಆಫ್ರಿಕದಲ್ಲಿ ಎತ್ತಿನ ಬಂಡಿಗಳ ದೂರಪ್ರಯಾಣಕ್ಕೆ ಆ ಹೆಸರು ಬಿದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಇಂದು ಬಸ್ಸುಗಳ ಮೇಲೆ ಕಾಣುವ ‘ಟ್ರಾವೆಲ್ಸ್’ನ ಮೂಲ ಕಷ್ಟದ ದುಡಿಮೆ ಎಂಬರ್ಥದ ಫ್ರೆಂಚ್ ಶಬ್ದ.

ದಣಿದವರು ತಂಗುವ ಜಾಗಕ್ಕೂ ಅರಬ್ಬಿಯಿಂದ ಬಂದ ಶಬ್ದವೊಂದಿದೆ. ‘ಮಂಜಿಲ್’ ಎಂದರೆ ಸವಾರಿಯಿಂದ ಇಳಿಯುವ ತಾಣ. ಅದು ಕನ್ನಡದಲ್ಲಿ ‘ಮಜಲು’ ಆಗಿ, ಮೊದಲು ಒಂದು ದಿನದ ದಾರಿಯನ್ನೂ ಆಮೇಲೆ ಯಾವುದೇ ಕೆಲಸದ ಹಂತವನ್ನೂ ಹೇಳತೊಡಗಿತು. ಮನೆ ಎಂಬ ಅದರ ಇನ್ನೊಂದು ಅರ್ಥ ಸುರಪುರದ ‘ಟೇಲರ್ ಮಂಜಿಲ್’ನಲ್ಲಿ ಉಳಿದಿದೆ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಕಾದಂಬರಿಕಾರ ಫಿಲಿಪ್ ಮೆಡೋಸ್ ಟೇಲರ್ ಅಲ್ಲಿನ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಅದು.