‘ಡು’ ಎಂಬ ಕಿರುಪದದ ಒತ್ತು

“ನೀವು ಹಣ ಕಟ್ಟಿಯೇ ಇಲ್ಲ” ಎಂದು ಯಾರಾದರೂ ಆಕ್ಷೇಪಿಸಿದರೆ ಕನ್ನಡಿಗನು ತಡವರಿಸುವುದಿಲ್ಲ. “ಕಟ್ಟಿಯೇ ಇದ್ದೇನೆ” ಎನ್ನುತ್ತಾನೆ. ‘ಏ’ ಎಂಬ ಒಂದು ಸ್ವರವೇ ಅವನ ಮಾತಿಗೆ ಬೇಕಾದ ಬಲವನ್ನೆಲ್ಲ ತಂದುಕೊಡುತ್ತದೆ. ವ್ಯಾಕರಣದಲ್ಲಿ ಇದಕ್ಕೆ ಅವಧಾರಣೆ ಎಂದು ಹೆಸರು. ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ನಮ್ಮಲ್ಲಿ ಹಲವರು “ಐ ಪೇಯ್ಡ್ ಓನ್ಲಿ” ಎಂದುಬಿಡುತ್ತಾರೆ. ಇಂಗ್ಲಿಷರ ಕಿವಿಗೆ ಅದು “ಹಣ ಕಟ್ಟಿದೆನಷ್ಟೆ, ಬೇರೇನೂ ಮಾಡಲಿಲ್ಲ” ಎಂಬಂತೆ ಕೇಳಿಸೀತು. ನಿಜವನ್ನೇ ನುಡಿದವನ ಮಾತು ಗುರಿ ಮುಟ್ಟದೆ ಹೋಗುತ್ತದೆ.

ಇಂಗ್ಲಿಷಿನಲ್ಲಿ ಆ ‘ಏ’ಕಾರದ ಕೆಲಸವನ್ನು ನಿರ್ವಹಿಸುವುದು ಸಹಾಯಕ ಕ್ರಿಯಾಪದ. ವಾಕ್ಯದಲ್ಲಿ ‘ವಿಲ್’, ‘ಕ್ಯಾನ್’, ‘ಹ್ಯಾವ್’ ಮುಂತಾದವು ಮೊದಲೇ ಇದ್ದರೆ ಅವನ್ನು ಒತ್ತಿ ನುಡಿದರೆ ಸಾಕು. “ಐಲ್ ಕಮ್” ಎಂದರೆ ಬರುತ್ತೇನೆ. “ಐ ವಿಲ್ ಕಮ್” ಎಂದು ಬಿಡಿಸಿ ‘ವಿಲ್’ ಅನ್ನು ಒತ್ತಿದರೆ, ಬಂದೇ ಬರುತ್ತೇನೆ. ಅಂಥ ಸಹಾಯಕವಿಲ್ಲದ ವಾಕ್ಯಕ್ಕೆ ‘ಡು’ ನೆರವಾಗುತ್ತದೆ: “ಐ ಡಿಡ್ ಪೇ.” ಕಾಲಸೂಚನೆಯ ಹೊರೆಯನ್ನು ‘ಡಿಡ್’ ಹೊರುವುದರಿಂದ ಮುಖ್ಯ ಕ್ರಿಯಾಪದ ತನ್ನ ಮೂಲರೂಪಕ್ಕೆ ಮರಳುತ್ತದೆ. “ಡಿಡ್ ಪೇಯ್ಡ್” ಎನ್ನುವುದು ತಪ್ಪು.

ಈ ಪದಕ್ಕೆ ಇಷ್ಟು ತೂಕ ಬಂದದ್ದು ಹೇಗೆ? ಷೇಕ್ಸ್‌ಪಿಯರನ (1564–1616) ಕಾಲದಲ್ಲಿ ಯಾವ ಒತ್ತೂ ಇಲ್ಲದೆ ‘ಡು’ ಬಳಸುವುದು ಸಾಮಾನ್ಯವಾಗಿತ್ತು. ಛಂದಸ್ಸಿನ ಗಣ ತುಂಬಲು ಕವಿಗಳು ಅದನ್ನು ತುರುಕುವುದನ್ನು ಪೋಪ್ ಕವಿ 1711ರಲ್ಲಿ ಹಾಸ್ಯಮಾಡಿದನು. ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನ ಆರಂಭದಲ್ಲಿರುವ ವ್ಯಾಕರಣಭಾಗದಲ್ಲಿ, ಇಂಥ ಅನಗತ್ಯ ‘ಡು’ ದೋಷವೆಂದೇ ಬರೆದನು. ನಿತ್ಯವೂ ಉಡುವ ಸೀರೆಯನ್ನು ಯಾರೂ ಗಮನಿಸರು. ಅದನ್ನೇ ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೆ ಮಾತ್ರ ಉಟ್ಟರೆ ಎಲ್ಲರ ಕಣ್ಣೂ ಅತ್ತ ಹೊರಳುತ್ತದೆ. ಸಾಧಾರಣ ಹೇಳಿಕೆಗಳಿಂದ ಮರೆಯಾದ ‘ಡು’ ಹೀಗೆಯೇ ಬೆಲೆ ಪಡೆಯಿತು. ನಮ್ಮ ನ್ಯಾಯಾಲಯಗಳಿಗೆ ಸಲ್ಲಿಸುವ ಇಂಗ್ಲಿಷ್ ಪ್ರಮಾಣಪತ್ರಗಳ “ಡು ಹಿಯರ್‌ಬೈ” ಎಂಬ ಒಕ್ಕಣೆಯಲ್ಲಿ ಮಾತ್ರ ಆ ಹಳೆಯ ಬಳಕೆಯ ಛಾಯೆ ಇನ್ನೂ ಉಳಿದಿದೆ.

ಆದರೆ ಹಬ್ಬದ ಸೀರೆಯನ್ನು ಅಡಿಗೆಮನೆಯಲ್ಲಿ ಉಡಬಾರದಷ್ಟೆ. ಉದ್ಯೋಗದ ಅರ್ಜಿಯಲ್ಲಿ ತರುಣನೊಬ್ಬ “ಐ ಡು ನೋ ಅಕೌಂಟ್ಸ್” ಎಂದು ಬರೆದರೆ, “ತಿಳಿಯದೆಂದು ಯಾರು ಹೇಳಿದರು?” ಎಂಬ ಪ್ರಶ್ನೆ ಓದುವವರ ಮನಸ್ಸಿನಲ್ಲಿ ಏಳುತ್ತದೆ. ಅಲ್ಲಿ “ಐ ನೋ ಅಕೌಂಟ್ಸ್” ಎಂಬ ಸರಳ ವಾಕ್ಯವೇ ಶೋಭೆ. ಸಂದೇಹವಿದ್ದಲ್ಲಿ ‘ಡು’ ಅದನ್ನು ನೀಗುತ್ತದೆ. ಇಲ್ಲದಲ್ಲಿ ತಾನೇ ಹುಟ್ಟಿಸುತ್ತದೆ. ಅತಿಥಿಯನ್ನು “ಡು ಕಮ್ ಇನ್” ಎಂದು ಕರೆಯುವಾಗ ಮಾತ್ರ ಅದು ವಾದವಲ್ಲ, “ಬನ್ನಿ, ಬನ್ನಿ” ಎಂಬ ಉಪಚಾರ.

ಪತ್ರವ್ಯವಹಾರದಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಕಾಗದಕ್ಕೆ ಕಂಠವಿಲ್ಲ, ಬರೆದವನ ದನಿಯ ಏರಿಳಿತ ಓದುವವನಿಗೆ ಕೇಳಿಸದು. ಹಣ ಬಂದಿಲ್ಲವೆಂಬ ತಗಾದೆಗೆ ಉತ್ತರಿಸುವಾಗ “ವಿ ಡಿಡ್ ಸೆಂಡ್ ದ ಮನಿ” ಎಂದು ಬರೆದು, ಕಳುಹಿಸಿದ ದಿನಾಂಕವನ್ನೂ ಸೇರಿಸಿದರೆ ಸಾಕು. ಕೋಪದ ಮಾತೊಂದೂ ಇಲ್ಲದೆ ಆಕ್ಷೇಪಣೆಗೆ ಸಮಾಧಾನ ದೊರೆಯುತ್ತದೆ.